ತುಕ್ರ ಮತ್ತು ಕೋಫಿ: ವಾರದ ಹೆಸರುಗಳ ಒಂದು ಚಾರಿತ್ರಿಕ ಪರಿಶೀಲನೆ

1

ವರ್ಷಾರಂಭದಲ್ಲಿ ವಿದ್ಯಾರ್ಥಿಗಳ ಪ್ರವೇಶಪತ್ರಗಳನ್ನು ಪರಿಶೀಲಿಸುವ ಕಾರ್ಯವು ಅಧ್ಯಾಪಕರ ಪಾಲಿಗೆ ತಪ್ಪದೆ ಬರುತ್ತದೆ. ಚಾರ್ಮಾಡಿಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದನು. ತಂದೆಯ ಹೆಸರನ್ನು ಕೇಳಿದಾಗ ಮಾತ್ರ ದನಿಯನ್ನು ತಗ್ಗಿಸಿ, 'ತುಕ್ರ' ಎಂದನು. ಸಾಲಿನಲ್ಲಿ ಅವನ ಹಿಂದೆ ನಿಂತಿದ್ದ ಇಬ್ಬರು ಮುಗುಳ್ನಕ್ಕರು. ಹುಡುಗನು ತಲೆಯೆತ್ತಲಿಲ್ಲ. ಆ ಹೆಸರಿಗೆ ಶುಕ್ರವಾರ ಹುಟ್ಟಿದವನೆಂಬುದರ ಹೊರತು ಬೇರೆ ಅರ್ಥವಿಲ್ಲವೆಂಬುದು ಅವನಿಗೂ ತಿಳಿದಿರಲಿಲ್ಲ, ನಕ್ಕವರಿಗೂ ತಿಳಿದಿರಲಿಲ್ಲ.

ಇದೇ ಅರ್ಥದ ಹೆಸರನ್ನು ಹೊತ್ತ ಇನ್ನೊಬ್ಬರು 1997ರಿಂದ 2006ರ ಕೊನೆಯವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳಾಗಿದ್ದರು. ಪಶ್ಚಿಮ ಆಫ್ರಿಕದ ಘಾನಾ ದೇಶದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡುಮಗುವಿಗೆ 'ಕೋಫಿ' ಎಂದು ಹೆಸರು. ಕೋಫಿ ಅನ್ನಾನರು ಹುಟ್ಟಿದ 1938ರ ಏಪ್ರಿಲ್ 8ನೆಯ ದಿನವು ಶುಕ್ರವಾರವೇ ಆಗಿತ್ತು. ಒಂದೇ ವಾರದ ಹೆಸರು ಒಂದೆಡೆ ಲೋಕದ ಮುಂದೆ ತಲೆಯೆತ್ತಿ ನಿಂತಿತು. ಇನ್ನೊಂದೆಡೆ ಪ್ರವೇಶಪತ್ರದ ಮುಂದೆ ತಲೆ ತಗ್ಗಿಸಿತು. ಈ ಅಂತರಕ್ಕೆ ಕಾರಣವು ಹೆಸರಿನಲ್ಲಿಲ್ಲ, ಇತಿಹಾಸದಲ್ಲಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ನಮ್ಮ ನಾಡಿನ ಹೆಸರುಗಳನ್ನೇ ನೋಡೋಣ. ಬೆಳ್ತಂಗಡಿ, ಬಂಟವಾಳ, ಮೂಡುಬಿದಿರೆಗಳ ಸುತ್ತಿನಲ್ಲಿಯೂ ದಕ್ಷಿಣಕ್ಕೆ ಕಾಸರಗೋಡಿನ ತುಳು ಪ್ರದೇಶದಲ್ಲಿಯೂ ಹಿಂದಿನ ತಲೆಮಾರಿನವರಲ್ಲಿ ಏಳು ವಾರಗಳಿಗೆ ಏಳು ಹೆಸರುಗಳು ಬಳಕೆಯಲ್ಲಿದ್ದುವು. ಆದಿತ್ಯವಾರಕ್ಕೆ ಐತ, ಸೋಮವಾರಕ್ಕೆ ಸೋಮ ಅಥವಾ ಚೋಮ, ಮಂಗಳವಾರಕ್ಕೆ ಅಂಗಾರ, ಬುಧವಾರಕ್ಕೆ ಬೂದ, ಗುರುವಾರಕ್ಕೆ ಗುರುವ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ ಅಥವಾ ಚನಿಯ. ಹೆಣ್ಣುಮಕ್ಕಳಲ್ಲಿ ಐತೆ, ಚೋಮು, ತುಕ್ರು, ಚನಿಯಾರು ಮೊದಲಾದ ರೂಪಗಳಿವೆ.

ಕನ್ನಡದ ಕಿವಿಗೆ ಇವುಗಳಲ್ಲಿ ಕೆಲವು ಅಪರಿಚಿತವಾಗಿ ಕೇಳಿಸುವುದಕ್ಕೆ ತುಳುವಿನ ಧ್ವನಿವ್ಯತ್ಯಾಸಗಳೇ ಕಾರಣ. ತುಳುವಿನ ಉಪಭಾಷೆಗಳಲ್ಲಿ ಪದಾದಿಯ ಸಕಾರ, ತಕಾರ, ಚಕಾರಗಳು ಒಂದರ ಸ್ಥಾನದಲ್ಲಿ ಮತ್ತೊಂದು ಬರುವುದುಂಟು. ಸಾಯುವುದು ಎಂಬರ್ಥದ ಕ್ರಿಯೆಯನ್ನು ಕೆಲವರು 'ಸೈಪಿನಿ' ಎಂದರೆ ಇನ್ನು ಕೆಲವರು 'ತೈಪಿನಿ' ಎನ್ನುವರು. ಇದೇ ಕ್ರಮದಲ್ಲಿ ಶುಕ್ರನು ತುಕ್ರನಾದನು, ಶನಿಯು ಒಂದು ಉಪಭಾಷೆಯಲ್ಲಿ ತನಿಯ, ಇನ್ನೊಂದರಲ್ಲಿ ಚನಿಯ ಆದನು, ಸೋಮನು ಚೋಮನಾದನು. ಆದಿತ್ಯವಾರವು ಆಡುಮಾತಿನಲ್ಲಿ ಐತವಾರ, ಐತಾರ ಎಂದು ಸವೆದಂತೆ ಆದಿತ್ಯನು ಐತನಾದನು. ಮಂಗಳವಾರವನ್ನು ತುಳುವಿನಲ್ಲಿ ಇಂದಿಗೂ 'ಅಂಗಾರೆ' ಎನ್ನುವರು. ಅಂಗಾರಕನೆಂಬುದು ಕುಜಗ್ರಹದ ಸಂಸ್ಕೃತ ಹೆಸರು. ಹೀಗೆ ಒರಟೆಂದು ತೋರುವ ಈ ಹೆಸರುಗಳು ವಾಸ್ತವವಾಗಿ ನವಗ್ರಹ ಸ್ತೋತ್ರದಲ್ಲಿ ಬರುವ ಹೆಸರುಗಳೇ ಆಗಿವೆ. 'ಆದಿತ್ಯ' ಎಂಬುದನ್ನು ಇಂದು ನಗರದ ತಂದೆತಾಯಿಗಳು ಆರಿಸಿ ಇಡುತ್ತಾರೆ. 'ಐತ' ಎಂದರೆ ನಗುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಸೋಮನೆಂಬ ಹೆಸರು ಸೋಮೇಶ್ವರನಿಂದಲೂ ಬಂದಿರಬಹುದು; ಗುರುವ ಎಂಬುದಕ್ಕೆ ಗುರು ಎಂಬ ಸಾಮಾನ್ಯಾರ್ಥವೂ ಹೊಂದಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿರುವಲ್ಲಿ ಅಜ್ಜನ ವಾರವೇ ಮೊಮ್ಮಗನಿಗೂ ಅಂಟಿಕೊಳ್ಳುತ್ತದೆ. ಆದುದರಿಂದ ಇಂತಹ ಹೆಸರಿನ ಪ್ರತಿಯೊಬ್ಬನೂ ಆ ವಾರವೇ ಹುಟ್ಟಿದನೆಂದು ಸಾಧಿಸಲಾಗದು. ಆದರೆ ಏಳು ವಾರಗಳಿಗೂ ಹೆಸರುಗಳಿದ್ದು, ಅವು ಒಂದೇ ಸಮುದಾಯದಲ್ಲಿ ಒಟ್ಟಾಗಿ ದೊರೆಯುವುದರಿಂದ, ಈ ಪದ್ಧತಿಯ ಮೂಲವು ಹುಟ್ಟಿದ ವಾರವೇ ಎಂಬುದರಲ್ಲಿ ಸಂದೇಹವಿಲ್ಲ.

3

ವಾರವನ್ನೇ ಏಕೆ ಆರಿಸಿದರು ಎಂಬುದು ಮುಂದಿನ ಪ್ರಶ್ನೆ. ಪಂಚಾಂಗಕ್ಕೆ ಐದು ಅಂಗಗಳು: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಇವುಗಳಲ್ಲಿ ನಕ್ಷತ್ರ, ಯೋಗ, ಕರಣಗಳನ್ನು ತಿಳಿಯಲು ಜೋಯಿಸರು ಬೇಕು, ಗ್ರಂಥ ಬೇಕು. ತಿಥಿಯ ಕ್ಷಯವೃದ್ಧಿಗಳ ಲೆಕ್ಕವೂ ಎಲ್ಲರಿಗೆ ಎಟುಕುವಂಥದಲ್ಲ. ವಾರವೊಂದು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ, ಯಾವ ದಕ್ಷಿಣೆಯೂ ಇಲ್ಲದೆ, ಸಂತೆಗೆ ಹೋಗಿಬರುವ ಯಾವನಿಗೂ ತಿಳಿದಿರುತ್ತದೆ. ಜಾತಕವನ್ನು ಬರೆಯಿಸಲು ಶಕ್ತಿಯಿಲ್ಲದ, ಬರೆಯಿಸಲು ಹೋದರೆ ಅಂಗಳವನ್ನೂ ಮೆಟ್ಟಗೊಡದ ಕಾಲದಲ್ಲಿ, ಮಗುವಿನ ಹುಟ್ಟನ್ನು ನೆನಪಿನಲ್ಲಿಡಲು ತಾಯಿಗೆ ಇದ್ದ ಏಕಮಾತ್ರ ಸಾಧನವೆಂದರೆ ಮಗುವಿನ ಹೆಸರು.

ಗ್ರಹಗಳ ಹೆಸರಿನ ಈ ಏಳು ದಿನಗಳ ವಾರವು ನಮ್ಮಲ್ಲಿ ಅನಾದಿಯಲ್ಲವೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಇದು ಯವನ ಜ್ಯೋತಿಷದ ಸಂಪರ್ಕದಿಂದ ಭಾರತಕ್ಕೆ ಬಂದುದು. ಕಾಲನಿರ್ದೇಶದಲ್ಲಿ ವಾರವನ್ನು ಹೇಳುವ ಶಾಸನಗಳಲ್ಲಿ ಅತ್ಯಂತ ಪ್ರಾಚೀನವೆಂದು ಪ್ರಸಿದ್ಧವಾದುದು ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಕಾಲದ ಸ್ತಂಭಶಾಸನ. ಅದರ ಕಾಲ ಕ್ರಿ. ಶ. 484, ಅದರಲ್ಲಿ ಹೇಳಿದ ವಾರ ಗುರುವಾರ. ಅನಂತರದ ಶತಮಾನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿಗಳೊಡನೆ ವಾರವನ್ನೂ ನಮೂದಿಸುವುದು ಕನ್ನಡ ಶಾಸನಗಳಲ್ಲಿ ರೂಢಿಯಾಯಿತು.

1430ರಲ್ಲಿ ಮೂಡುಬಿದಿರೆಯ ಸಾವಿರಕಂಬದ ಬಸದಿ ನಿರ್ಮಾಣವಾದ ವಿಜಯನಗರದ ಯುಗವನ್ನು ನೆನೆಯಿರಿ. ಅಂದಿನ ದಾನಶಾಸನಗಳು ದಾತೃವಿನ ವಂಶ, ಬಿರುದು, ಭೂಮಿಯ ಎಲ್ಲೆ, ಕಾಲ ಎಲ್ಲವನ್ನೂ ವಿವರವಾಗಿ ಹೇಳುತ್ತವೆ. ಆ ಭೂಮಿಯನ್ನು ಉತ್ತವರ ಹುಟ್ಟುಸಾವುಗಳಿಗೆ ಶಿಲೆಯಿಲ್ಲ, ತಾಮ್ರಪಟವಿಲ್ಲ. ಶಾಸನದ ಆರಂಭದಲ್ಲಿ ಶಕ, ಸಂವತ್ಸರ, ಮಾಸ, ತಿಥಿಗಳ ಸಾಲಿನಲ್ಲಿ ಒಂದು ಪದವಾಗಿ ಬರುವ ವಾರವು, ಉಳುವವನ ಪಾಲಿಗೆ ಇಡಿಯ ದಾಖಲೆಯೇ ಆಯಿತು. ವರ್ಷ ಮರೆತುಹೋಯಿತು, ಮಾಸ ಮರೆತುಹೋಯಿತು. ವಾರ ಮಾತ್ರ ಅವನನ್ನು ಕೂಗಿ ಕರೆದಾಗಲೆಲ್ಲ ಮರುಕಳಿಸುತ್ತಿತ್ತು.

ಏಳೇ ಹೆಸರುಗಳಿರುವಾಗ ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವುದು ಸಹಜ. ಮಲ್ಲ ಐತ, ಎಲ್ಯ ಐತ ಎಂದು ಹಿರಿಕಿರಿತನದಿಂದಲೋ, ವಾಸದ ಜಾಗದ ಹೆಸರಿನಿಂದಲೋ ಅವರನ್ನು ಬೇರ್ಪಡಿಸುತ್ತಿದ್ದರು. 'ಅಪ್ಪ' ಎಂಬ ಗೌರವಸೂಚಕ ಸೇರಿದ ಐತಪ್ಪ, ಸೋಮಪ್ಪ, ಗುರುವಪ್ಪ ಎಂಬ ರೂಪಗಳು ಬಿಲ್ಲವ, ಬಂಟ ಮೊದಲಾದ ಸಮುದಾಯಗಳಲ್ಲಿಯೂ ದೊರೆಯುತ್ತವೆ. ಆದುದರಿಂದ ವಾರದ ಹೆಸರಿಡುವ ಪದ್ಧತಿಯು ಒಂದೇ ಜಾತಿಯ ಸ್ವತ್ತಾಗಿರಲಿಲ್ಲ. ಭೇದವಿದ್ದುದು ಹೆಸರಿನ ಮೂಲದಲ್ಲಲ್ಲ, ಬಾಲದಲ್ಲಿ. ಗದ್ದೆಯ ಅಂಚಿನಲ್ಲಿ ನಿಂತವನು ಐತಪ್ಪ, ಕೆಸರಿನಲ್ಲಿ ನಿಂತವನು ಐತ. ಕಾಲಕ್ರಮೇಣ ಮೇಲಿನವರು ಪುರಾಣದ ಹೆಸರುಗಳತ್ತ ಸರಿದಂತೆ, ಬೋಳು ಹೆಸರುಗಳು ಕೆಳಗಿನವರ ಗುರುತಾಗಿ ಉಳಿದುವು.

4

ಈಗ ಅಕಾನ್ ಜನರ ಪದ್ಧತಿಯನ್ನು ನೋಡಬಹುದು. ಘಾನಾದ ದಕ್ಷಿಣ ಮತ್ತು ಮಧ್ಯಭಾಗಗಳಲ್ಲಿಯೂ ನೆರೆಯ ಐವರಿ ಕೋಸ್ಟಿನಲ್ಲಿಯೂ ನೆಲೆಸಿರುವ ಅಸಾಂಟೆ, ಫಾಂಟೆ, ನ್ಜೆಮ ಮೊದಲಾದ ಜನವರ್ಗಗಳನ್ನು ಒಟ್ಟಾಗಿ ಅಕಾನ್ ಎನ್ನುವರು. ಅವರಲ್ಲಿ ಗಂಡುಮಕ್ಕಳ ಹೆಸರುಗಳು ಆದಿತ್ಯವಾರದಿಂದ ಕ್ರಮವಾಗಿ ಕ್ವಾಸಿ, ಕ್ವಾಜೊ, ಕ್ವಾಬೆನ, ಕ್ವಾಕು, ಯಾವ್, ಕೋಫಿ, ಕ್ವಾಮೆ. ಹೆಣ್ಣುಮಕ್ಕಳಿಗೆ ಅಕೊಸುವ, ಅಜೊವ, ಅಬೆನ, ಅಕುವ, ಯಾ, ಅಫುವ, ಅಮ. ಈ ಹೆಸರಿಗೆ ಅವರ ಭಾಷೆಯಲ್ಲಿ 'ಕ್ರದಿನ್' ಎನ್ನುವರು. 'ಕ್ರ' ಎಂದರೆ ಜೀವಾತ್ಮ, 'ದಿನ್' ಎಂದರೆ ಹೆಸರು. ನಮ್ಮ 'ದಿನ' ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಆತ್ಮವು ಯಾವ ವಾರ ಭೂಮಿಗೆ ಬಂದಿತೋ ಆ ವಾರದ ಹೆಸರು ಅದಕ್ಕೆ ಹುಟ್ಟಿನಿಂದಲೇ ಸಲ್ಲುತ್ತದೆ; ತಂದೆತಾಯಿಗಳು ಅದನ್ನು ಆರಿಸುವಂತಿಲ್ಲ. ಎಂಟನೆಯ ದಿನ ಮಗುವನ್ನು ಮನೆಯಿಂದ ಹೊರಗೆ ತಂದು ಲೋಕಕ್ಕೆ ತೋರಿಸುವಾಗ ತಂದೆಯು ಬೇರೊಂದು ಹೆಸರನ್ನು ಇಡುವನು. ಇದಲ್ಲದೆ ಅವಳಿಗಳಿಗೆ 'ಅಟ್ಟ' ಎಂಬ ಹೆಸರೂ ಸೇರುತ್ತದೆ. ಅವಳಿ ಸೋದರಿಯೊಡನೆ ಹುಟ್ಟಿದ ಕೋಫಿ ಅನ್ನಾನರ ಪೂರ್ಣ ಹೆಸರು ಕೋಫಿ ಅಟ್ಟ ಅನ್ನಾನ್.

ಇಲ್ಲಿಯ ಮುಖ್ಯ ಅಂಶವೆಂದರೆ, ಈ ಹೆಸರಿಗೆ ಮೇಲುಕೀಳಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಸಾಂಟೆ ಸಿಂಹಾಸನವನ್ನೇರಿದವರಲ್ಲಿ ಒಬ್ಬನು ಒಸೈ ಕ್ವಾಜೊ, ಅವನ ಅನಂತರದವನು ಒಸೈ ಕ್ವಾಮೆ. ಒಬ್ಬನು ಸೋಮವಾರದವನು, ಇನ್ನೊಬ್ಬನು ಶನಿವಾರದವನು. 1900ರಲ್ಲಿ ಬ್ರಿಟಿಷರ ವಿರುದ್ಧ ಅಸಾಂಟೆ ಜನರನ್ನು ಯುದ್ಧಕ್ಕೆ ಹುರಿದುಂಬಿಸಿದ ರಾಜಮಾತೆ ಯಾ ಅಸಾಂಟೆವಾಳ ಮೊದಲ ಹೆಸರು ಗುರುವಾರದ್ದು. ಅವರ ಜನಪದ ಕಥೆಗಳ ಚತುರ ನಾಯಕನಾದ ಜೇಡನಿಗೂ ಕ್ವಾಕು ಅನಾನ್ಸೆ ಎಂದು ಬುಧವಾರದ ಹೆಸರಿದೆ. ರಾಜನಿಂದ ಜೇಡದವರೆಗೆ ಎಲ್ಲರೂ ವಾರಕ್ಕೆ ಸೇರಿದವರು.

ಇಂತಹ ಹೆಸರು ಇತಿಹಾಸಕಾರನಿಗೆ ಹೇಗೆ ಸಾಕ್ಷ್ಯವಾಗಬಲ್ಲುದೆಂಬುದಕ್ಕೆ ಘಾನಾದ ಸ್ವಾತಂತ್ರ್ಯದ ನಾಯಕರಾದ ಕ್ವಾಮೆ ಎನ್‌ಕ್ರೂಮಾ ಅವರ ಉದಾಹರಣೆಯು ಸ್ವಾರಸ್ಯಕರವಾಗಿದೆ. ಅವರಿಗೆ ದೀಕ್ಷಾಸ್ನಾನ ಮಾಡಿಸಿದ ಪಾದ್ರಿಯು ಜನ್ಮದಿನವನ್ನು 1909ರ ಸೆಪ್ಟೆಂಬರ್ 21 ಎಂದು ಅಂದಾಜಿನಿಂದ ಬರೆದುಕೊಂಡನು. ಅದು ಮಂಗಳವಾರ. ಆದರೆ 'ಕ್ವಾಮೆ' ಎಂದರೆ ಶನಿವಾರದವನು. ಅದೇ ವರ್ಷವೆಂದು ಒಪ್ಪಿದರೆ ತಾವು ಹುಟ್ಟಿದ್ದು ಹತ್ತಿರದ ಶನಿವಾರವಾದ ಸೆಪ್ಟೆಂಬರ್ 18ರಂದು ಇರಬೇಕೆಂದು ಅವರು 1957ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಗುಣಿಸಿದ್ದಾರೆ. ಬರೆದ ದಾಖಲೆಯನ್ನು ಕರೆಯುವ ಹೆಸರು ತಿದ್ದಿತು. ಅಕ್ಷರವೇ ಪ್ರಮಾಣ, ಬಾಯಿಮಾತು ಅಪ್ರಮಾಣ ಎಂದು ನಂಬಿರುವ ನಮ್ಮಂತಹ ಅಧ್ಯಾಪಕರು ಇದನ್ನು ಲಕ್ಷ್ಯದಲ್ಲಿಡಬೇಕು.

ವಾರಕ್ಕೊಂದು ಸ್ವಭಾವವಿದೆಯೆಂಬ ನಂಬಿಕೆಯೂ ಅಸಾಂಟೆಗಳಲ್ಲಿದೆ: ಸೋಮವಾರದವನು ಶಾಂತ, ಬುಧವಾರದವನು ಮುಂಗೋಪಿ. ಗುಸ್ತಾವ್ ಯಹೋಡ ಎಂಬ ಮನಶ್ಶಾಸ್ತ್ರಜ್ಞನು ಕುಮಾಸಿ ನಗರದ ಬಾಲಾಪರಾಧಿಗಳ ದಾಖಲೆಗಳನ್ನು ಪರಿಶೀಲಿಸಿ 1954ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಮವಾರದ ಹೆಸರಿನವರ ಪ್ರಮಾಣ ಕಡಮೆಯೆಂದೂ ಹಿಂಸೆಯ ಅಪರಾಧಗಳಲ್ಲಿ ಬುಧವಾರದ ಹೆಸರಿನವರು ಹೆಚ್ಚೆಂದೂ ಕಂಡನು. ಗ್ರಹಗತಿಯೇ ಇದಕ್ಕೆ ಕಾರಣವೆಂದು ಹೇಳಲು ಯಾರೂ ಹೊರಡುವುದಿಲ್ಲ. 'ಇವನು ಇಂಥವನು' ಎಂದು ಹುಟ್ಟಿನಿಂದಲೇ ಹೇಳಿಸಿಕೊಂಡ ಮಗು ಹಾಗೆಯೇ ಬೆಳೆಯುವ ಸಂಭವವಿದೆಯೆಂಬುದು ಇದರಿಂದ ಸೂಚಿತವಾಗುತ್ತದೆ. ಹೆಸರು ಹೇಳಿದಾಗಲೆಲ್ಲ ನಗುವನ್ನು ಕೇಳಿಸಿಕೊಂಡು ಬೆಳೆದವನ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಬೇಕು.

5

ಅಕಾನ್ ಹೆಸರುಗಳಿಗೆ ಅಪಮಾನ ತಟ್ಟಲೇ ಇಲ್ಲವೆಂದು ಭಾವಿಸಬಾರದು. ಅದು ತಟ್ಟಿದ್ದು ಅಟ್ಲಾಂಟಿಕ್ ಸಾಗರದ ಆಚೆ. ಗುಲಾಮರಾಗಿ ಜಮೈಕಾ ದ್ವೀಪಕ್ಕೆ ಸಾಗಿಸಲ್ಪಟ್ಟವರಲ್ಲಿ ಅಕಾನರು ಬಹುಸಂಖ್ಯೆಯಲ್ಲಿದ್ದರು. ಅವರು ಉಟ್ಟ ಬಟ್ಟೆಯನ್ನೂ ಕಳೆದುಕೊಂಡರು, ವಾರದ ಹೆಸರನ್ನು ಬಿಡಲಿಲ್ಲ. ತೋಟಮಾಲಿಕರ ಪಕ್ಷಪಾತಿಯಾಗಿದ್ದ ಎಡ್ವರ್ಡ್ ಲಾಂಗ್ 1774ರಲ್ಲಿ ಪ್ರಕಟಿಸಿದ ಜಮೈಕಾದ ಇತಿಹಾಸದಲ್ಲಿ ಈ ಹೆಸರುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕ್ವಾಜೊ ಎಂಬುದು ಅಲ್ಲಿ ಕಜೋ ಆಯಿತು, ಕೋಫಿ ಎಂಬುದು ಕಫೀ, ಕ್ವಾಸಿ ಎಂಬುದು ಕ್ವಾಶಿ. ಮುಂದೆ 'ಕ್ವಾಶಿ' ಎಂಬ ಆದಿತ್ಯವಾರದ ಹೆಸರು ಹಳ್ಳಿಗುಗ್ಗು, ದಡ್ಡ ಎಂಬರ್ಥದ ಬೈಗುಳಾಗಿ ಬಳಕೆಗೆ ಬಂದಿತು. ತಾಯ್ನಾಡಿನಲ್ಲಿ ಆತ್ಮದ ಹೆಸರಾದುದು ದಾಸ್ಯದ ನೆಲದಲ್ಲಿ ಅಪಹಾಸ್ಯವಾಯಿತು. ಅದರ ಧ್ವನಿ ಬದಲಾಗಲಿಲ್ಲ, ಅರ್ಥ ಬದಲಾಗಲಿಲ್ಲ. ಅದನ್ನು ಕರೆಯುವವನು ಬದಲಾದನು.

ತುಳುನಾಡಿನಲ್ಲಿ ಆದುದೂ ಇದೇ. ಇಲ್ಲಿ ಯಾರನ್ನೂ ಹಡಗಿಗೆ ತುಂಬಲಿಲ್ಲ. ಆದರೆ 'ಮೂಲದಾಳು' ಎಂಬ ವಂಶಪಾರಂಪರ್ಯದ ಜೀತ ಪದ್ಧತಿಯಲ್ಲಿ ಜನರು ಭೂಮಿಗೂ ಧಣಿಗೂ ಕಟ್ಟುಬಿದ್ದಿದ್ದರು. 1843ರ ಐದನೆಯ ಶಾಸನದಿಂದ ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆ ತಪ್ಪಿತು. ಧಣಿಯ ಅಂಗಳದಲ್ಲಿ ಕೂಗುವ ದನಿ ಅಷ್ಟು ಬೇಗ ತಪ್ಪಲಿಲ್ಲ. ಘಟ್ಟದ ಮೇಲೆ ಕಾಫಿ ತೋಟಗಳು ಹರಡಿದಂತೆ ಚಾರ್ಮಾಡಿಯಂತಹ ಕಣಿವೆದಾರಿಗಳಲ್ಲಿ ಕೂಲಿಗಾಗಿ ಜನರು ಮೇಲೇರಿದರು. ಧಣಿಯ ಬಾಯಿಯಲ್ಲಿದ್ದ ಹೆಸರು ತೋಟದ ಚೆಕ್‌ರೋಲಿಗೆ ಇಳಿಯಿತು, ಅಷ್ಟೆ.

ಈ ಸಂಗತಿಯನ್ನು ಇತಿಹಾಸಕಾರರಿಗಿಂತ ಮೊದಲು ಗುರುತಿಸಿದವರು ಕಾದಂಬರಿಕಾರರು. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯಲ್ಲಿ ಸ್ವಂತ ಬೇಸಾಯದ ಆಸೆಯಿಂದ ಬೆಂದುಹೋಗುವ ಚೋಮನು ಸೋಮವಾರದ ಹೆಸರಿನವನು. ಸಾಲ ತೀರಿಸಲೆಂದು ಕಾಫಿ ತೋಟಕ್ಕೆ ಹೋಗುವ ಅವನ ಮಕ್ಕಳಾದ ಚನಿಯ, ಗುರುವರು ಶನಿವಾರ, ಗುರುವಾರಗಳ ಹೆಸರಿನವರು. 1975ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಅದು ಚಲನಚಿತ್ರವಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದಾಗ ಕನ್ನಡನಾಡೆಲ್ಲ ಆ ಹೆಸರನ್ನು ಉಚ್ಚರಿಸಿತು. ಅದು ವಾರದ ಹೆಸರೆಂದು ತಿಳಿದವರು ಕಡಮೆ.

ಸೆರೆಯ ಹೆಸರೇ ಬಂಡಾಯದ ಹೆಸರೂ ಆಗಬಹುದೆಂಬುದಕ್ಕೆ ಸಾಗರದಾಚೆಯ ಇತಿಹಾಸವೇ ಸಾಕ್ಷಿ. ಜಮೈಕಾದ ಬೆಟ್ಟಗಳಲ್ಲಿ ನೆಲೆನಿಂತು, 1739ರಲ್ಲಿ ಬ್ರಿಟಿಷರು ಒಪ್ಪಂದಕ್ಕೆ ಬರುವಂತೆ ಮಾಡಿದವನು ಕಜೋ. 1763ರಲ್ಲಿ ಇಂದಿನ ಗಯಾನಾದ ಬರ್ಬೀಸಿನಲ್ಲಿ ಗುಲಾಮರ ಮಹಾಬಂಡಾಯವನ್ನು ನಡೆಸಿದವನು ಕಫೀ, ಅಂದರೆ ಕೋಫಿ, ಅಂದರೆ ನಮ್ಮ ತುಕ್ರ. ಗಯಾನಾ ದೇಶವು 1970ರಲ್ಲಿ ಗಣರಾಜ್ಯವಾದಾಗ ಆ ಬಂಡಾಯದ ನೆನಪಿಗಾಗಿಯೇ ಫೆಬ್ರವರಿ 23ನೆಯ ದಿನವನ್ನು ಆರಿಸಿಕೊಂಡಿತು. ಅವನನ್ನು ರಾಷ್ಟ್ರವೀರನೆಂದು ಗೌರವಿಸುತ್ತದೆ.

6

ನಮ್ಮಲ್ಲಿಯೂ ಇಂತಹ ಗೌರವಕ್ಕೆ ಪಾತ್ರವಾದ ವಾರದ ಹೆಸರೊಂದಿದೆ. ಆದರೆ ಅದನ್ನು ನಾವು ಹೆಸರೆಂದು ಗುರುತಿಸುವುದಿಲ್ಲ. ತುಳುನಾಡಿನ ದೈವಗಳಲ್ಲಿ ಕೊರಗಜ್ಜನು ಇಂದು ಅತ್ಯಂತ ಜನಪ್ರಿಯನು. ಕಳೆದುಹೋದ ವಸ್ತುವಿಗಾಗಿ, ಬಂದೊದಗಿದ ಕಷ್ಟಕ್ಕಾಗಿ ಜಾತಿಮತಗಳ ಭೇದವಿಲ್ಲದೆ ಜನರು ಅವನಿಗೆ ಹರಕೆ ಹೊರುವರು. ವೀಳ್ಯ, ಚಕ್ಕುಲಿ, ಶೇಂದಿಗಳನ್ನು ಒಪ್ಪಿಸುವರು. ಪಾಡ್ದನಗಳಲ್ಲಿ ಅವನ ಹೆಸರು 'ಕೊರಗ ತನಿಯ'. ಕೊರಗ ಸಮುದಾಯದಲ್ಲಿ ಹುಟ್ಟಿ, ಇತರರ ಆಶ್ರಯದಲ್ಲಿ ದುಡಿದು, ಏಳಾಳಿನ ಶಕ್ತಿಯ ಕೆಲಸವನ್ನು ಒಬ್ಬನೇ ಮಾಡಿ, ಮಾಯವಾಗಿ ದೈವವಾದವನು ಅವನು. ಆ ಮಾನವಜನ್ಮದ ಹೆಸರು ಶನಿವಾರದ್ದು. ಅದೇ ಕೊರಗ ಸಮುದಾಯವನ್ನು ಅಮಾನುಷ ಕಟ್ಟಳೆಗಳಿಗೆ ಗುರಿಪಡಿಸಿದ 'ಅಜಲು' ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಪ್ರತ್ಯೇಕ ಶಾಸನವೇ ಬೇಕಾಯಿತು. ದೈವವಾದ ತನಿಯನಿಗೆ ಕೈಮುಗಿಯುವ ನಾಡು, ಮನುಷ್ಯನಾದ ತನಿಯನ ಹೆಸರಿಗೆ ನಗುತ್ತದೆ. ನಮ್ಮ ಸಮಾಜದ ಇತಿಹಾಸವನ್ನು ಬರೆಯುವವರು ಈ ವಿರೋಧವನ್ನು ಬದಿಗಿರಿಸಿ ಮುಂದುವರಿಯಲಾಗದು.

7

ಇಂದು ಈ ಹೆಸರುಗಳು ಮರೆಯಾಗುತ್ತಿವೆ. ಶಾಲೆಗಳು ಹರಡಿದುವು, ಜನನ ಮರಣಗಳ ನೋಂದಣಿಗೆ 1969ರಲ್ಲಿ ಕಾಯಿದೆ ಬಂದು, ಹುಟ್ಟಿದ ದಿನವನ್ನು ಹೆಸರಿನಲ್ಲಿ ಬಚ್ಚಿಡಬೇಕಾದ ಅಗತ್ಯವು ಹೋಯಿತು. ಮಗುವಿಗೆ ಮನಸ್ಸಿಗೆ ಬಂದ ಹೆಸರನ್ನು ಇಡುವ ಸ್ವಾತಂತ್ರ್ಯವು ಇಂದಿನ ತಂದೆತಾಯಿಗಳಿಗಿದೆ, ಇರಲೇಬೇಕು. ನಗುವಿಗೆ ಅಂಜಿ ತುಕ್ರನು ಮಗನಿಗೆ ಬೇರೆ ಹೆಸರನ್ನಿಟ್ಟರೆ ಅವನನ್ನು ಆಕ್ಷೇಪಿಸುವ ಹಕ್ಕು ನಕ್ಕವರಿಗಿಲ್ಲ. ಹಳೆಯ ಹೆಸರುಗಳನ್ನು ಮರಳಿ ಇಡಿರೆಂದು ಉಪದೇಶಿಸುವುದು ಈ ಲೇಖನದ ಅಭಿಪ್ರಾಯವಲ್ಲ. ಆ ಹೆಸರನ್ನು ಬಿಡದೆ ಸಾರ್ವಜನಿಕ ಜೀವನದಲ್ಲಿ ಮುಂದೆ ಬಂದವರೂ ಇದ್ದಾರೆ: ಸುಳ್ಯದ ಮೀಸಲು ಕ್ಷೇತ್ರದಿಂದ 1994ರಿಂದ ಸತತವಾಗಿ ಆರು ಬಾರಿ ಶಾಸಕರಾಗಿ ಆರಿಸಿ ಬಂದು 2021ರಲ್ಲಿ ರಾಜ್ಯದ ಸಚಿವರಾದವರ ಹೆಸರು ಎಸ್. ಅಂಗಾರ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ನಮ್ಮ ಕರ್ತವ್ಯವು ಬೇರೆಯದು. ಈ ಹೆಸರುಗಳು ಹಳೆಯ ಅಡಂಗಲುಗಳಲ್ಲಿ, ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ, ತೋಟಗಳ ಚೆಕ್‌ರೋಲುಗಳಲ್ಲಿ, 1974ರ ಅನಂತರದ ಭೂಸುಧಾರಣೆಯ ಕಡತಗಳಲ್ಲಿ ಎದುರಾದಾಗ ವಿದ್ಯಾರ್ಥಿಯು ಅವುಗಳನ್ನು ಸರಿಯಾಗಿ ಓದಲು ಕಲಿಯಬೇಕು. ಯಾವ ಊರಿನಲ್ಲಿ, ಯಾವ ಸಮುದಾಯದಲ್ಲಿ, ಯಾವ ತಲೆಮಾರಿನವರೆಗೆ ವಾರದ ಹೆಸರುಗಳು ಉಳಿದುವು, 'ಅಪ್ಪ' ಎಂಬುದು ಯಾರ ಹೆಸರಿಗೆ ಯಾವಾಗ ಸೇರಿತು ಎಂಬುದನ್ನು ಗ್ರಾಮಗ್ರಾಮವಾಗಿ ಸಂಗ್ರಹಿಸಿದರೆ, ಬರೆಹವಿಲ್ಲದವರ ಸಾಮಾಜಿಕ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ಆಕರ ದೊರೆಯದು. ಈ ಕೆಲಸಕ್ಕೆ ದೂರದ ಗ್ರಂಥಭಂಡಾರವೇನೂ ಬೇಡ. ಮನೆಯ ಹಿರಿಯರನ್ನು ಕೇಳುವ ವಿನಯ ಬೇಕು, ಅವರು ಇರುವಾಗಲೇ ಕೇಳುವ ತ್ವರೆ ಬೇಕು.

ಆ ವಿದ್ಯಾರ್ಥಿಯು ಅಂದು ಪತ್ರಕ್ಕೆ ಸಹಿ ಹಾಕಿ ಹೊರಟಾಗ ಅವನನ್ನು ಕರೆದು, ತಂದೆಯ ಹೆಸರಿನ ಅರ್ಥವನ್ನು ಹೇಳಿದೆನು. ಕೋಫಿ ಅನ್ನಾನರ ಮಾತನ್ನೂ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಪ್ಪ ಹುಟ್ಟಿದ್ದು ಯಾವ ವಾರ ಎಂದಾದರೂ ನಮಗೆ ಗೊತ್ತಿದೆ ಸರ್. ತಾರೀಕು ಅವರಿಗೂ ಗೊತ್ತಿಲ್ಲ" ಎಂದನು. ಹೆಸರೊಂದು ದಾಖಲೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆಯ ಅಗತ್ಯವಿಲ್ಲ.